ಕಲ್ಲಿದ್ದಲು ಗಣಿಯ ಮಣ್ಣುಗುಡ್ಡ: ಮಳೆನೀರಿಗೆ ದಾರಿ ಮಾಡುವುದು ಹೇಗೆ?

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಗಣಿಗಳ ಕಡೆ ಹೋದರೆ ಬಯಲಿನ ನಡುವೆ ಚಪ್ಪಟೆ ತಲೆಯ ಗುಡ್ಡಗಳು ಕಾಣುತ್ತವೆ. ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಕಲ್ಲು ಕಿತ್ತು ಸುರಿದ ರಾಶಿ ಅದು. ಗಣಿಯವರು 'ಓಬಿ ಡಂಪ್' ಅನ್ನುತ್ತಾರೆ. ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೆ (ಕೆಪಿಸಿಎಲ್) ಹಂಚಿಕೆಯಾದ ಬರಂಜ್ ಗಣಿ ಇರುವುದೂ ಅದೇ ಜಿಲ್ಲೆಯಲ್ಲಿ. ಆ ಭಾಗದಲ್ಲಿ ಎರೆಮಣ್ಣು ಜಾಸ್ತಿ. ಅದು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಜಾರುವ ಪರಿ ಎರೆ ಹೊಲ ಇದ್ದವರಿಗೆ ಗೊತ್ತೇ ಇದೆ.

ಮೊದಲು, ಸುರಿಯುವ ಜಾಗ. ಅಲ್ಲಿ ಹಳ್ಳ, ಒರತೆ ಇತ್ತಾ ಎಂದು ಊರವರನ್ನೇ ಕೇಳಿ. ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಒರತೆಯ ಮೇಲೇ ಗಣಿ ಕಸ ಸುರಿದಿದ್ದರು. 1966ರ ಅಕ್ಟೋಬರ್ 21ರಂದು ರಾಶಿ ಕೆಸರಾಗಿ ಶಾಲೆಯ ಮೇಲೆ ಹರಿಯಿತು. ಸತ್ತ 144 ಜನರಲ್ಲಿ 116 ಮಕ್ಕಳು.

ಇನ್ನು ಕಾಲುವೆ. ಬಹಳ ಜನ ಬುಡದಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ನೀರು ಓಡಲು ಶುರುವಾಗುವುದು ತಲೆಯಲ್ಲಿ, ಅಲ್ವಾ? ನಿಯಮದ ಪ್ರಕಾರ 30 ಮೀಟರಿಗಿಂತ ಎತ್ತರದ ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಪ್ರತಿ ಮೆಟ್ಟಿಲು ಗುಡ್ಡದ ಒಳಕ್ಕೆ ಸ್ವಲ್ಪ ವಾಲಿರಲಿ. ಒಳ ಅಂಚಿನಲ್ಲಿ ಬಸಿಗಾಲುವೆ, ಹೊರ ಅಂಚಿನಲ್ಲಿ ಬದು. ಸರಿಯಾಗಿದೆಯಾ ಎಂದು ನೋಡಲು ಒಂದು ಬಾಟಲಿ ನೀರು ಸುರಿದರೆ ಸಾಕು. ಹೊರಗಡೆ ಹರಿದರೆ ಮೊದಲ ಮಳೆಗೆ ಬೆರಳಗಲದ ಗೀರು, ಆಮೇಲೆ ಮೊಣಕಾಲಾಳದ ಕೊರಕಲು. ಮೆಟ್ಟಿಲಿನ ನೀರನ್ನು ಕಲ್ಲು ಹಾಸಿದ ಇಳಿಜಾರು ಕಾಲುವೆಯಲ್ಲೇ ಕೆಳಗಿಳಿಸಿ. ಅದು ಬಂದು ಬೀಳುವಲ್ಲಿ ದಪ್ಪ ಕಲ್ಲು ಹರಡಿ.

ಈಗ ಬುಡ. ಇಲ್ಲಿ ಕಲ್ಲು ತುಂಬಿದ ತಂತಿಬಲೆಯ ಗೋಡೆ ಬೇಕು. ನೀರು ಸೋರಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಅದರಾಚೆ ಒಂದಿಷ್ಟು ಜಾಗ ಬಿಟ್ಟು ಗುಡ್ಡ ಸುತ್ತುವ 'ಗಾರ್ಲೆಂಡ್ ಡ್ರೈನ್'. ಇದರ ಅಗಲವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಒಂದು ಹೆಕ್ಟೇರಿಗೆ ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 5 ಲಕ್ಷ ಲೀಟರು. ಅರ್ಧ ಇಂಗಿತು ಅಂದುಕೊಂಡರೂ 10 ಸಾವಿರ ಲೀಟರಿನ 25 ಟ್ಯಾಂಕರ್ ನೀರು! ಕಾಲುವೆಯ ಇಳಿಜಾರು 100 ಮೀಟರಿಗೆ ಅರ್ಧದಿಂದ ಒಂದು ಮೀಟರು ಸಾಕು. ಜಾಸ್ತಿಯಾದರೆ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬಿ ನೀರು ನಿಂತು ಬುಡ ಮೆತ್ತಗಾಗುತ್ತದೆ.

ಇಳಿಜಾರು ಜಾಸ್ತಿ ಇರುವಲ್ಲಿ ಕಾಲುವೆಗೆ ಅಡ್ಡ ಕಲ್ಲಿನ ತಡೆ ಹಾಕಿ. ನಡುಭಾಗ ತಗ್ಗು, ಎರಡೂ ಬದಿ ಎತ್ತರ ಇರಬೇಕು. ಸಮತಟ್ಟಾಗಿ ಕಟ್ಟಿದರೆ ನೀರು ಪಕ್ಕದ ಮಣ್ಣು ಕೊರೆದು ತಡೆಯನ್ನೇ ಬಳಸಿಕೊಂಡು ಹೋಗುತ್ತದೆ. ಕೆಳಗಿನ ತಡೆಯ ತಲೆ, ಮೇಲಿನ ತಡೆಯ ಬುಡ ಒಂದೇ ಮಟ್ಟಕ್ಕೆ ಬಂದರೆ ಅಂತರ ಸರಿ.

ಕಾಲುವೆ ನೇರ ಹಳ್ಳಕ್ಕೆ ಸೇರಬಾರದು, ನಡುವೆ ಹೂಳು ತಂಗುವ ಹೊಂಡ ಬೇಕು. ಹೊರಬಿಡುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ತೆಗೆದ ಹೂಳನ್ನು ದಡದ ಮೇಲೇ ಒಟ್ಟಿ ಹೋಗುವ ಚಾಳಿಯೂ ಉಂಟು. ಮುಂದಿನ ಮಳೆಗೆ ಅದು ಮರಳಿ ಕಾಲುವೆಗೇ ಬರುತ್ತದೆ, ಸುಮ್ನೆ ಡೀಸೆಲ್ ದಂಡ.

ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ, ಅಡ್ಡ ಸಾಲಿನಲ್ಲಿ ಲಾವಂಚ ನೆಡಿ. ಗಿಡ ಆಮೇಲೆ, ಹುಲ್ಲು ಮೊದಲು.

ಇಷ್ಟಾದ ಮೇಲೆ ಜೋರು ಮಳೆ ನಿಂತ ಕೂಡಲೇ ಗುಡ್ಡ ಒಂದು ಸುತ್ತು ನೋಡಿ ಬನ್ನಿ. ಸಣ್ಣ ಕೊರಕಲಿಗೆ ಅವತ್ತೇ ಕಲ್ಲು ತುಂಬಿ. ಆದರೆ ತಲೆಯಲ್ಲಿ ಅಂಚಿಗೆ ಸಮನಾಗಿ ಉದ್ದ ಬಿರುಕು ಬಿಟ್ಟು, ಬುಡ ಹೊರಗೆ ಉಬ್ಬಿದ್ದರೆ ಗುದ್ದಲಿ ಮುಟ್ಟಬೇಡಿ. ಕೆಳಗಿರುವ ಜನರನ್ನು ತಕ್ಷಣ ಆಚೆ ಕಳಿಸಿ, ಮ್ಯಾನೇಜರಿಗೆ ಫೋನ್ ಮಾಡಿ.