ದಿನಕ್ಕೊಂದು ಓಮ್ನಿ ಲೋಡು: ಸಾಲ ಪಾಸಾದ ಮೇಲೆ ನಾವು ಮನೆ ಬದಲಿಸಿದ ಕಥೆ

ಮೇ ಎರಡನೇ ವಾರ ಮನೆ ತೆಗೆಯುವ ಸಾಲ ಪಾಸಾದ ಕಾಗದ ಕೈಗೆ ಬಂತು. ಜುಲೈ 31ಕ್ಕೆ ಕಾಸರಗೋಡಿನ ಕುಂಬಳೆಯ ಬಾಡಿಗೆ ಮನೆಯ ಬೀಗದ ಕೈ ವಾಪಸ್ ಕೊಟ್ಟೆ. ನಡುವಿನ ಹನ್ನೊಂದು ವಾರದಲ್ಲಿ ಇಡೀ ಮನೆಯ ಸಾಮಾನು ನೀರ್ಚಾಲಿನ ಹತ್ತಿರದ ಹೊಸ ಮನೆ ಸೇರಿತು. ಹೆಚ್ಚಿನದು ಸುರಿಯುವ ಮಳೆಗಾಲದಲ್ಲೇ. ಲಾರಿ ಇಲ್ಲ, ಪ್ಯಾಕರ್ಸ್‌ನವರು ಇಲ್ಲ. ನನ್ನ ಹಳೇ ಓಮ್ನಿ, ಅಡಕೆ ಗೋಣಿ, ಮತ್ತೆ ಒಂದೇ ಒಂದು ದಿನ ಬಾಡಿಗೆ ಪಿಕಪ್, ಇಷ್ಟೇ.

“ಇದೆಂತದು ಭಾವಾ, ಇರುವೆ ಅಕ್ಕಿಕಾಳು ಹೊತ್ತ ಹಾಗೆ? ಮಳೆಗೆ ಅರ್ಧ ಸಾಮಾನು ಹಾಳಾಗ್ತದೆ, ನೋಡ್ತಾ ಇರಿ” ಅಂತ ಹೆಂಡತಿಯ ಅಣ್ಣ ನಗಾಡಿದರು. ಅಪ್ಪ ಅಷ್ಟೂ ಹೇಳಲಿಲ್ಲ, ಸುಮ್ನೆ ತಲೆ ಆಡಿಸಿದರು. ಮಂಗಳೂರಿನ ಪ್ಯಾಕರ್ಸ್‌ನವರು 28 ಸಾವಿರ ಹೇಳಿದ್ದರು, ಅದೂ ಮಣ್ಣಿನ ರಸ್ತೆಯ ಬಾಯಿಯವರೆಗೆ ಮಾತ್ರ. ಅಲ್ಲಿಂದ ಮನೆಗೆ ಇನ್ನೂರು ಮೀಟರ್ ಏರು. ಜೂನ್ ನಂತರ ಅಲ್ಲಿ ಲಾರಿ ಹತ್ತುವುದು ಕನಸು.

ನನ್ನ ಲೆಕ್ಕ ಬೇರೆ ಇತ್ತು. ನನಗೆ ಕೆಲಸ ಬದಿಯಡ್ಕದಲ್ಲಿ. ಕುಂಬಳೆಯಿಂದ ದಿನಾ ಸೀತಾಂಗೋಳಿ, ನೀರ್ಚಾಲು ದಾಟಿಯೇ ಹೋಗುವವ. ಹಿಂದಿನ ಸೀಟು ಕಳಚಿಟ್ಟರೆ ಓಮ್ನಿಯಲ್ಲಿ ಎಂಟು ಗೋಣಿ ಹಿಡಿಯುತ್ತದೆ. ಪೆಟ್ರೋಲು ಹೇಗೂ ಉರಿಯುತ್ತದೆ, ಖಾಲಿ ಗಾಡಿ ಯಾಕೆ ಓಡಿಸಬೇಕು, ಅಲ್ವಾ? ಬೆಳಿಗ್ಗೆ ಅರ್ಧ ಗಂಟೆ ಬೇಗ ಹೊರಟರೆ ಒಂದು ಲೋಡು ಇಳಿಸಿಯೇ ಕೆಲಸಕ್ಕೆ ಹೋಗಬಹುದು. ಮಳೆ ಜೋರಿದ್ದ ದಿನ ಲೋಡು ಇಲ್ಲ. ಸಣ್ಣ ಲೋಡಿನ ಲಾಭ ಅದೇ, ನಾಳೆಗೆ ಹಾಕಬಹುದು. ಲಾರಿಗೆ ಅಡ್ವಾನ್ಸ್ ಕೊಟ್ಟವ ಆಕಾಶ ನೋಡುತ್ತಾ ಕೂರಬೇಕು.

ಆದರೆ ರಿಜಿಸ್ಟ್ರೇಷನ್ ಆಗುವ ಮೊದಲೇ ಸಾಮಾನು ಎಲ್ಲಿಡುವುದು? ಮನೆ ಮಾರುವವರು ಸೌದೆ ಕೊಟ್ಟಿಗೆಯ ಪಕ್ಕದ ಕೋಣೆಯ ಬೀಗ ಮೇ ಕೊನೆಗೇ ಕೊಟ್ಟರು. ಅವರನ್ನು ಒಪ್ಪಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದೊಂದನ್ನು ಬರೆಯುವುದಿಲ್ಲ. ದುಡ್ಡು ಕೊಡಲಿಲ್ಲ ಅಂತಷ್ಟೇ ಹೇಳುತ್ತೇನೆ.

ಈಗ ದುಡ್ಡಿನ ವಿಷಯ. ಹನ್ನೆರಡು ಸೆಂಟ್ಸ್ ಜಾಗೆ, ಹಳೇ ಮನೆ, 38 ಲಕ್ಷ. ಬ್ಯಾಂಕು 30 ಕೊಟ್ಟಿತು. ಉಳಿದ 8 ಲಕ್ಷಕ್ಕೆ ನಾವು ತಯಾರಿದ್ದೆವು. ನೋವು ಕೊಟ್ಟದ್ದು ಅದರ ಮೇಲಿನದು. ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ರಿಜಿಸ್ಟ್ರೇಷನ್ ಫೀಸು 2. ಒಟ್ಟು 3 ಲಕ್ಷದ 80 ಸಾವಿರ, ಪೂರ್ತಿ ಕೈಯಿಂದಲೇ. “ಆಧಾರದಲ್ಲಿ ಸ್ವಲ್ಪ ಕಡಿಮೆ ತೋರಿಸಿ” ಅಂತ ಸಲಹೆ ಕೊಟ್ಟವರು ಇದ್ದರು. ಆಧಾರ ಅಂದರೆ ನಮ್ಮಲ್ಲಿ ಜಾಗೆಯ ಕ್ರಯಪತ್ರ. ಆಧಾರದಲ್ಲಿ ಕಡಿಮೆಯಾದರೆ ಸಾಲವೂ ಕಡಿಮೆಯಾಗುತ್ತದೆ ಅಂತ ಅವರಿಗೆ ಹೊಳೆಯಲಿಲ್ಲ. ತಪ್ಪು ಕೆಲಸ ಅನ್ನುವುದು ಬೇರೆ. ಮೂರು ವರ್ಷದಿಂದ ಕಟ್ಟುತ್ತಿದ್ದ ಚಿಟ್ಟಿ (ಚೀಟಿ ಹಣ) ಆ ಹೊತ್ತಿಗೆ ಕೈಗೆ ಬಂದದ್ದರಿಂದ ಬಂಗಾರ ಅಡವು ಇಡುವುದು ತಪ್ಪಿತು.

ಸಾಲದ ಕಂತು 26 ಸಾವಿರದ ಹತ್ತಿರ, ಬಾಡಿಗೆ ಏಳೂವರೆ. ಎರಡನ್ನೂ ಜಾಸ್ತಿ ತಿಂಗಳು ಕಟ್ಟುವ ಶಕ್ತಿ ಇರಲಿಲ್ಲ. ಮಳೆ ಮುಗಿದ ಮೇಲೆ ನಿಧಾನಕ್ಕೆ ಹೋಗಿ ಅಂದವರಿಗೆ ನಾನು ತೋರಿಸಿದ್ದು ಈ ಲೆಕ್ಕ.

ಇಷ್ಟೆಲ್ಲ ಲೆಕ್ಕ ಹಾಕಿದವ ನಡುವೆ ಒಂದು ದಡ್ಡತನ ಮಾಡಿದೆ. ಸಾಲ ಪಾಸಾದ ಖುಷಿಯಲ್ಲಿ ಹೊಸ ಮನೆಗೆ ಅಂತ 28 ಸಾವಿರದ ಫ್ರಿಜ್ಜು ಕಂತಿನಲ್ಲಿ ತೆಗೆದೆ. ಪಾಸಾಯಿತಲ್ಲ, ಇನ್ನೆಂತ ಅಂತ. ಬ್ಯಾಂಕಿನವರು ಹಣ ಬಿಡುವ ಮೊದಲು ಇನ್ನೊಮ್ಮೆ ನನ್ನ ಸಾಲದ ಜಾತಕ, ಅಂದರೆ ಕ್ರೆಡಿಟ್ ರಿಪೋರ್ಟು, ತೆಗೆದರು. “ಇದ್ಯಾವುದು ಹೊಸ ಸಾಲ?” ವಿವರಣೆ ಬರೆದುಕೊಡು, ಸಂಬಳದ ಸ್ಲಿಪ್ಪು ಪುನಃ ತಾ, ಒಟ್ಟು ಒಂಬತ್ತು ದಿನ ಹೋಯಿತು. ಪಾಸಾದ ಕಾಗದ ಬೇರೆ, ಕೈಗೆ ಬಂದ ಹಣ ಬೇರೆ. ಆ ನಡುವಿನ ದಿನಗಳಲ್ಲಿ ಕಂತಿನಲ್ಲಿ ಒಂದು ಮಿಕ್ಸಿ ಕೂಡ ತೆಗೆಯಬೇಡಿ.

ಇನ್ನೊಂದು ವಾರ ತಿಂದದ್ದು 1960ರ ದಶಕದ ಹಳೇ ಆಧಾರ. ಕೈಬರಹದ ಕನ್ನಡ. ನನಗೆ ಓದಲು ಏನೂ ಕಷ್ಟವಿಲ್ಲ, ಆದರೆ ಬ್ಯಾಂಕಿನ ವಕೀಲರಿಗೆ ಕನ್ನಡ ಬಾರದು. ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸುವಾಗ ಎರಡೂವರೆ ಸಾವಿರ. ಕಾಸರಗೋಡಿನಲ್ಲಿ ಹಳೇ ಜಾಗೆ ತೆಗೆಯುವವರು ಇದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ತಡವಾದದ್ದರಲ್ಲಿ ಒಂದು ಒಳ್ಳೆಯದೂ ಆಯಿತು. ಜೂನ್ ಮೊದಲ ದೊಡ್ಡ ಮಳೆ ರಿಜಿಸ್ಟ್ರೇಷನ್‌ಗೆ ಮುಂಚೆಯೇ ಬಂತು. ರಾತ್ರಿ ಎಂಟೂವರೆಗೆ ಟಾರ್ಚು ಹಿಡಿದು ಆ ಮನೆಗೆ ಹೋದೆ. ಮಾರುವವರು ಗಾಬರಿಯಾದರು. ಪ್ರತಿ ಕೋಣೆಯ ಮೂಲೆಗೆ ಬೆಳಕು ಬಿಟ್ಟು ನೋಡಿದೆ. ಬಚ್ಚಲಿನ ಮೂಲೆಯಲ್ಲಿ ಗೋಡೆ ಬೆವರುತ್ತಿತ್ತು, ಜಗಲಿಯ ಶೀಟಿನ ಮೊಳೆ ತೂತಿನಲ್ಲಿ ಧಾರೆ. ಎರಡನ್ನೂ ಅವರೇ ಸರಿ ಮಾಡಿಸಿಕೊಟ್ಟರು. ಬೇಸಿಗೆಯಲ್ಲಿ ನೋಡಿ ಮನೆ ತೆಗೆಯುವವರ ಧೈರ್ಯ ನನಗಿಲ್ಲ.

ಜೂನ್ 27ಕ್ಕೆ ರಿಜಿಸ್ಟ್ರೇಷನ್. ಜುಲೈ ನಡುವಿಗೆ ಆಟಿ (ಶುಭಕಾರ್ಯ ಮಾಡದ ತಿಂಗಳು) ಹಿಡಿಯುತ್ತದೆ, ಆಟಿಯಲ್ಲಿ ಒಕ್ಕಲು ಮಾಡುವುದುಂಟಾ ಅಂತ ಅತ್ತೆ. ಒಕ್ಕಲು ಅಂದರೆ ಗೃಹಪ್ರವೇಶ. ಹಾಗಾಗಿ ಜುಲೈ 9ಕ್ಕೆ ಗಣಹೋಮ, ಹಾಲು ಉಕ್ಕಿಸುವುದು, ಮೂವತ್ತು ಜನರ ಊಟ. ಆ ದಿನ ಮನೆಯೊಳಗೆ ಇದ್ದದ್ದು ದೇವರ ಫೋಟೋ, ಒಲೆ, ನಾಲ್ಕು ಚಾಪೆ. ಮನೆಯೊಕ್ಕಲಿಗೆ ಮೊದಲೇ ಸಾಮಾನೆಲ್ಲ ತುಂಬಿಸಿಡುವುದು ನಮ್ಮಲ್ಲಿ ಕ್ರಮವಲ್ಲ, ಕೊಟ್ಟಿಗೆಯ ಕೋಣೆ ಅದಕ್ಕೂ ಒದಗಿತು. ಒಕ್ಕಲು ಒಂದು ಮುಗಿದರೆ ಆಮೇಲೆ ಆಟಿಯಲ್ಲಿ ಗೋಣಿ ಹೊರುವುದಕ್ಕೆ ಯಾರ ತಕರಾರೂ ಇಲ್ಲ.

ಒಟ್ಟು ಮೂವತ್ತಾರೋ ಮೂವತ್ತೆಂಟೋ ಲೋಡು ಆಗಿರಬೇಕು. ಪುಸ್ತಕ, ಹಿತ್ತಾಳೆ ಪಾತ್ರೆ, ಹಾಸಿಗೆ ಎಲ್ಲ ಮಳೆಗೆ ಮೊದಲು. ಬಟ್ಟೆ, ಅಡುಗೆ ಸಾಮಾನು ಆಮೇಲೆ. ಗೋಣಿಯೊಳಗೆ ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ಕಿನೊಳಗೆ ಸಾಮಾನು. ಮೊದಲು ಗೋಣಿಯ ಮೇಲೆ ಮಸಿಯಲ್ಲಿ ನಂಬರು ಬರೆದೆ. ಎರಡನೇ ಮಳೆಗೆ ಎಲ್ಲ ತೊಳೆದುಹೋಗಿ ನಂಬರಿಲ್ಲದ ಹದಿನಾಲ್ಕು ಗೋಣಿ. ಆಮೇಲೆ ಗೇಟಿಗೆ ಹೊಡೆದು ಉಳಿದ ಪೈಂಟು: ಅಡುಗೆಮನೆಗೆ ಕೆಂಪು ಗೆರೆ, ಉಳಿದದ್ದಕ್ಕೆ ಹಸಿರು. ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಯಾವುದರಲ್ಲಿ ಎಂತ ಉಂಟು ಅಂತ ಬರೆದಿಟ್ಟಳು. ಆ ನೋಟ್‌ಬುಕ್ಕು ಇಲ್ಲದಿದ್ದರೆ ನನ್ನ ಹೆಚ್ಚುಗಾರಿಕೆ ಎಲ್ಲ ಮೂರು ಕಾಸಿನದು.

ಪಿಂಗಾಣಿ ತಟ್ಟೆಗಳ ನಡುವೆ ಪೇಪರಿನ ಬದಲು ಅಡಕೆ ಹಾಳೆ ಇಟ್ಟರೆ ಹೇಗೆ ಅಂತ ಒಂದು ಪ್ರಯೋಗ ಮಾಡಿದೆ. ಒಣ ಹಾಳೆ ಬಗ್ಗುವುದಿಲ್ಲ, ನೆನೆಸಿದರೆ ಬೇಕಾದ ಹಾಗೆ ಬಗ್ಗುತ್ತದೆ. ನೆನೆಸಿ ಸುತ್ತಿದೆ. ತಟ್ಟೆ ಒಂದೂ ಒಡೆಯಲಿಲ್ಲ, ನಿಜ. ಆದರೆ ಮೂರು ವಾರ ಬಿಟ್ಟು ಬಿಚ್ಚಿದರೆ ಬೂಸ್ಟು! ಪಕ್ಕದಲ್ಲಿದ್ದ ಅಜ್ಜನ ಫೋಟೋಕ್ಕೂ ಹಿಡಿದಿತ್ತು. ಈಗ ಅಜ್ಜನಿಗೆ ಎಡಗಡೆ ಮೀಸೆ ಮಾತ್ರ. ಎರಡನೇ ಸಲ ನೆನೆಸಿ, ಬಗ್ಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಿಸಿ ಸುತ್ತಿದೆ. ಅದು ಸರಿಯಾಯಿತು.

ದೊಡ್ಡ ಅನಾಹುತ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯದು. ಬಾಯಿಗೆ ಬಟ್ಟೆ ಕಟ್ಟಿ, ಬೈಹುಲ್ಲಿನ ಸಿಂಬೆ ಮೇಲೆ ಕೂರಿಸಿದ್ದೆ. ಹೆದ್ದಾರಿ ಕೆಲಸದ ಹೊಂಡದಲ್ಲಿ ಗಾಡಿ ಒಮ್ಮೆ ಹಾರಿತು. ಎರಡು ಲೀಟರಿನಷ್ಟು ಉಪ್ಪುನೀರು ಓಮ್ನಿಯ ನೆಲಕ್ಕೆ. ತೊಳೆದು, ತುಕ್ಕು ಹಿಡಿಯದ ಹಾಗೆ ಪೈಂಟು ಹೊಡೆಸಲು 1,800 ಆಯಿತು. ವಾಸನೆ ಇನ್ನೂ ಉಂಟು. ಭರಣಿಯನ್ನು ಅರ್ಧ ಖಾಲಿ ಮಾಡಿಯೇ ಒಯ್ಯಬೇಕು. ಅಕ್ಕಿ ಗೋಣಿಗೆ ಇರುವೆ ಬರದ ಹಾಗೆ ಅತ್ತೆ ಒಂದು ಪುಡಿ ಮಾಡಿಕೊಟ್ಟರು, ಒಂದು ಇರುವೆ ಕಾಣಲಿಲ್ಲ. ಅದರಲ್ಲಿ ಎಂತೆಂತ ಉಂಟು ಅಂತ ಬರೆಯಲು ಅವರ ಅಪ್ಪಣೆ ಇಲ್ಲ.

ಬೀರು, ಮಂಚ, ಕಡೆಯುವ ಕಲ್ಲು, ಫ್ರಿಜ್ಜು ಓಮ್ನಿಗೆ ಹಿಡಿಯುವುದಲ್ಲ. ಅದಕ್ಕೆ ಒಂದು ದಿನ ಪಿಕಪ್, 2,200. ಇಳಿಸುವಾಗ ಯೂನಿಯನ್‌ನವರು ಬರುತ್ತಾರೆ, ನೋಕ್ಕುಕೂಲಿ ಕೇಳುತ್ತಾರೆ ಅಂತ ಭಾವ ಹೆದರಿಸಿದ್ದರು. ಸುಮ್ನೆ ನೋಡಿ ನಿಂತು ಕೂಲಿ ಕೇಳುವುದನ್ನು ಕೇರಳ ಸರಕಾರ 2018ರ ಮೇ 1ರಿಂದ ನಿಲ್ಲಿಸಿದೆ, ಭಾವನಿಗೆ ಅದು ಗೊತ್ತಿರಲಿಲ್ಲ. ನಾನೇ ಹಿಂದಿನ ದಿನ ಜಂಕ್ಷನ್ನಿಗೆ ಹೋಗಿ ಹೊರುವವರ ಹತ್ತಿರ ಮಾತಾಡಿ, ನಾಲ್ಕು ಜನಕ್ಕೆ 1,800 ನಿಗದಿ ಮಾಡಿದೆ. ಜಾರುವ ಮುರಕಲ್ಲಿನ ಮೆಟ್ಟಿಲಲ್ಲಿ ಆ ಬೀರುವನ್ನು ಒಂದು ಗೀರು ಬೀಳದೆ ಮೇಲೆ ತಂದರು. ನಾನೂ ಭಾವನೂ ಹೊತ್ತಿದ್ದರೆ ಇಬ್ಬರಲ್ಲಿ ಒಬ್ಬ ಆಸ್ಪತ್ರೆಯಲ್ಲಿ.

ಮೀಟರು ಮರೆತೆ. ನಮ್ಮಲ್ಲಿ ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ. ಬೀಗದ ಕೈ ಸಿಕ್ಕಿದ ದಿನ ಮೀಟರಿನ ಫೋಟೋ ತೆಗೆಯಲಿಲ್ಲ. ಹಳಬರು ಉರಿಸಿದ್ದೂ ಸೇರಿ ಬಂದ ಬಿಲ್ಲು 1,700. ಕೇಳಲು ಮುಖ ಬರಲಿಲ್ಲ, ಕೊಟ್ಟಿಗೆಯ ಕೋಣೆ ಕೊಟ್ಟವರಲ್ವಾ. ಪೋಕ್ಕುವರವು (ಜಾಗೆಯ ಖಾತೆ ಬದಲಾವಣೆ) ಆಗಿ ತೆರಿಗೆ ರಶೀದಿ ನಮ್ಮ ಹೆಸರಿಗೆ ಬಂದ ಮೇಲೆ ಕರೆಂಟಿನದ್ದೂ ಬದಲಾಯಿಸಿದೆ.

ಸಾಗಾಟಕ್ಕೆ ಅಂತ ಖರ್ಚಾದದ್ದು, ಉಪ್ಪುನೀರಿನ ದಂಡ ಸೇರಿಸಿ, ಏಳೂವರೆ ಎಂಟು ಸಾವಿರದ ಒಳಗೆ. ಅದರಲ್ಲಿ ಗೋಣಿಯ ಲೆಕ್ಕ ಇನ್ನೂ ಬಾಕಿ. ಅಡಕೆ ಅಂಗಡಿಯಿಂದ ಅರವತ್ತು ತಂದಿದ್ದೆ, ವಾಪಸ್ ಕೊಟ್ಟದ್ದು ಐವತ್ತೊಂದು. ಆರು ನೆನೆದು ಕುಂಬಾಗಿವೆ. ಉಳಿದ ಮೂರು ಹಸಿರು ಗೆರೆಯವು, ಬಿಚ್ಚದೆ ಅಟ್ಟದಲ್ಲಿವೆ. ಅದರಲ್ಲಿ ಎಂತ ಉಂಟು ಅಂತ ನೋಟ್‌ಬುಕ್ಕಿನಲ್ಲೂ ಇಲ್ಲ.