ಕಹಿ ಬೇರೆ, ಸೀದದ್ದು ಬೇರೆ

ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯಲ್ಲಿ ‘ಸ್ಟ್ರಾಂಗ್ ಇರಲಿ’ ಎನ್ನುವುದಷ್ಟೇ ನನಗೆ ಗೊತ್ತಿದ್ದ ಮಾತು. ಅಂಗಡಿಯವರು ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ, ಒಂದಿಷ್ಟು ಹೆಚ್ಚು ಹಾಕಿಕೊಡುತ್ತಿದ್ದರು. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯುತ್ತಿತ್ತು. ಡಾರ್ಕ್ ರೋಸ್ಟ್, ಅಂದರೆ ಕಡುವಾಗಿ ಹುರಿದ ಕಾಫಿ, ಇದೇ ಎಂದು ವರ್ಷಗಟ್ಟಲೆ ನಂಬಿದ್ದೆ.

ಕಳೆದ ಮಳೆಗಾಲದಲ್ಲಿ ಚಿಕೋರಿ ಇಲ್ಲದ ಡಾರ್ಕ್ ರೋಸ್ಟ್ ಪೊಟ್ಟಣವೊಂದನ್ನು ತಂದೆ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. “ತಳ ಹಿಡಿದ ಹಾಲಿನ ಹಾಗಿದೆಯಲ್ಲೋ!”

ಸರಿ, ಹಟ ಹುಟ್ಟಿತು. ಬಸವನಗುಡಿ, ಮಲ್ಲೇಶ್ವರ ಸುತ್ತಿ ನಾಲ್ಕು ಬಗೆಯ ಹುರಿದ ಬೀಜವನ್ನು ನೂರು ನೂರು ಗ್ರಾಂ ತಂದೆ. ಪುಡಿಯಲ್ಲ, ಬೀಜವೇ, ಪುಡಿಯಾದ ಮೇಲೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹದವಾಗಿ ಹುರಿದದ್ದು ಒಣ ಕಂದು. ಕಡುವಾಗಿ ಹುರಿದದ್ದು ಎಣ್ಣೆ ಸವರಿದ ಹುಣಸೆ ಬೀಜದಂತೆ ಮಿಂಚುತ್ತದೆ. ಸುಮಾರು 196 ಡಿಗ್ರಿಯಲ್ಲಿ ಬೀಜ ಮೊದಲ ಸಲ ಸಿಡಿಯುತ್ತದೆ. 224ರ ಆಸುಪಾಸಿನಲ್ಲಿ ಎರಡನೆಯ ಸಿಡಿತ, ಒಗ್ಗರಣೆಯ ಸಾಸಿವೆಯಂತೆ ಸಣ್ಣಗೆ ಚಟಪಟ. ಒಳಗಿನ ಎಣ್ಣೆ ಮೇಲಕ್ಕೆ ಬರುವುದು ಆಗಲೇ. ಅಷ್ಟರಲ್ಲಿ ಹುಳಿ ಇಳಿದಿರುತ್ತದೆ, ಬೀಜದ ಹುಟ್ಟೂರಿನ ಹೂವು ಹಣ್ಣುಗಳ ಘಮ ಮಸುಕಾಗಿರುತ್ತದೆ. ಚಾಕೊಲೇಟು, ಕಾಯಿಸಿದ ಬೆಲ್ಲ, ಹೊಗೆ ಮುಂದೆ ಬರುತ್ತವೆ. ಕೆಫೀನ್ ಮಾತ್ರ ಹೆಚ್ಚುವುದಿಲ್ಲ. ‘ಸ್ಟ್ರಾಂಗ್’ ಎಂದು ನಾನು ಕೇಳುತ್ತಿದ್ದದ್ದು ಬರೀ ಬಣ್ಣವನ್ನು!

ನಾಲ್ಕನ್ನೂ ಹಾಲು, ಸಕ್ಕರೆ ಇಲ್ಲದೆ ಕುಡಿದೆ, ಅದೂ ಉಗುರುಬೆಚ್ಚಗಾದ ಮೇಲೆ. ಬಿಸಿಯಲ್ಲಿ ಎಲ್ಲ ಕಾಫಿಯೂ ಒಳ್ಳೆಯದೇ. ಆರಿದರೆ ಬಣ್ಣ ಬಯಲು. ಹಾಗಲಕಾಯಿ ಗೊಜ್ಜಿನ ಕಹಿಯೇ ಬೇರೆ, ಸೀದ ದೋಸೆಯ ಕಹಿಯೇ ಬೇರೆ. ಮೊದಲನೆಯದು ನಾಲಿಗೆ ಮುಟ್ಟಿ ಹೋಗುತ್ತದೆ, ಹಿಂದೆಯೇ ಸಣ್ಣ ಸಿಹಿ ಉಳಿಯುತ್ತದೆ. ಎರಡನೆಯದು ಗಂಟಲಲ್ಲಿ ಬೂದಿಯಂತೆ ಕೂರುತ್ತದೆ. ನನ್ನ ನಾಲ್ಕರಲ್ಲಿ ಎರಡು ಈ ಬೂದಿಯ ಜಾತಿ. ಮೂರನೆಯದಕ್ಕೆ ಹಳೆಯ ಕೊಬ್ಬರಿಯ ಕಮಟು: ಮೇಲೆ ಬಂದ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ಅಂದಿನಿಂದ ಹುರಿದ ದಿನ ಹೇಳದವರಲ್ಲಿ ಕೊಳ್ಳುವುದಿಲ್ಲ, ಹದಿನೈದು ದಿನಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ತರುವುದೂ ಇಲ್ಲ.

ಉಳಿದ ನಾಲ್ಕನೆಯದು ಚಿಕ್ಕಮಗಳೂರಿನ ಅರೇಬಿಕಾ ಜಾತಿಯ ಕಾಫಿ, ಎರಡನೆಯ ಸಿಡಿತ ಶುರುವಾಗುತ್ತಿದ್ದಂತೆ ಇಳಿಸಿದ್ದು. ಕುದಿಯುವ ನೀರನ್ನು ನೇರವಾಗಿ ಫಿಲ್ಟರಿಗೆ ಸುರಿದಾಗ ಇದೂ ಸ್ವಲ್ಪ ಒರಟಾಯಿತು. ಒಲೆ ಆರಿಸಿ ಒಂದೆರಡು ನಿಮಿಷ ಬಿಟ್ಟು ಸುರಿದೆ, ಮೆತ್ತಗಾಯಿತು. ಹಾಲು ಬೆರೆಸಿದರೂ ಕಾಫಿಯ ದನಿ ಅಡಗಲಿಲ್ಲ.

ಅಮ್ಮನಿಗೆ ಅದನ್ನೇ ಕೊಟ್ಟೆ. ಲೋಟ ಖಾಲಿ ಮಾಡಿ, “ರುಚಿ ಇದೆ, ಆದರೆ ನೀರಾಗಿದೆ” ಎಂದಳು. ಮರುದಿನ ಅಂಗಡಿಗೆ ಹೋಗಿ ನೂರಕ್ಕೆ ಹತ್ತರಷ್ಟು ಚಿಕೋರಿ ಸೇರಿಸಿಕೊಂಡು ಬಂದೆ.