ತಾರಸಿಯ ಬಿರುಕಿಗೆ ನಾನು ಕೊಟ್ಟ ದುಡ್ಡು

ಚಿತ್ರದುರ್ಗದಲ್ಲಿ ಮನೆ ಇರುವವರಿಗೆ ಒಂದು ಧೈರ್ಯ, ಇಲ್ಲಿ ಮಳೆ ಎಲ್ಲಿ ಬರುತ್ತೆ ಅಂತ. ನನಗೂ ಇತ್ತು. 2019ರಲ್ಲಿ ನಮ್ಮ ತಾರಸಿಯಲ್ಲಿ, ನೀರು ಹೋಗುವ ಪೈಪಿನ ಬಾಯಿ ಹತ್ತಿರ, ಕೂದಲೆಳೆಯಷ್ಟು ಬಿರುಕು ಕಂಡಿತು. ಗಾರೆ ಕೆಲಸದವರು ಆರು ಸಾವಿರ ಆಗುತ್ತದೆ ಎಂದರು. ಆ ತಿಂಗಳು ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಮುಂದಿನ ವರ್ಷ ನೋಡೋಣ ಅಂದೆ, ಮುಂದಿನ ವರ್ಷ ಕೊರೊನಾ ಬಂತು.

2022ರಲ್ಲಿ ಮಳೆ ಹಿಡಿಯಿತು ನೋಡಿ. 1933ರ ನಂತರ ಮೊದಲ ಸಲ ವಾಣಿ ವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ಅಕ್ಕಪಕ್ಕದವರು ಗಾಡಿ ಮಾಡಿಕೊಂಡು ಆ ಅಣೆಕಟ್ಟು ಇರುವ ಮಾರಿಕಣಿವೆಗೆ ಹೊರಟಿದ್ದರೆ ನಾವು ಮನೆಯಲ್ಲಿ ಬಕೆಟ್ ಇಡುತ್ತಿದ್ದೆವು. ಒಂದು ರಾತ್ರಿ ಅಮ್ಮನ ದಿಂಬಿನಿಂದ ಒಂದು ಗೇಣು ಆಚೆಗೆ, ರೊಟ್ಟಿಯಷ್ಟಗಲ ಸಿಮೆಂಟ್ ಚಕ್ಕೆ ಕಳಚಿ ಬಿತ್ತು. ಸ್ಟೂಲ್ ಹತ್ತಿ ಟಾರ್ಚ್ ಹಾಕಿದರೆ ಒಳಗಿನ ಕಂಬಿ ಕೆಂಪಗಾಗಿತ್ತು, ಮುಟ್ಟಿದರೆ ಪದರ ಪದರವಾಗಿ ಉದುರುತ್ತಿತ್ತು.

ಕಂಬಿ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿದ್ದು ಕಾಂಕ್ರೀಟನ್ನು ಒಳಗಿಂದಲೇ ಬಿರಿಯುವ ಹಾಗೆ ಒತ್ತುತ್ತದೆ, ಆ ಬಿರುಕಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಮೇಲೆ ನೋಡಿದರೆ ಬಿರುಕು ಅಷ್ಟೇ ಇರುತ್ತದೆ, ಅದಕ್ಕೇ ನಾವು ಮೋಸ ಹೋಗುವುದು. ಸಡಿಲ ಕಾಂಕ್ರೀಟ್ ಕೆತ್ತಿ, ಕಂಬಿಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆದು, ತುಕ್ಕು ತಡೆಯುವ ಬಣ್ಣ ಬಳಿದು, ಪಾಲಿಮರ್ ಗಾರೆ ತುಂಬಿ, ತಾರಸಿಯ ಇಳಿಜಾರು ಸರಿ ಮಾಡಿ ವಾಟರ್‌ಪ್ರೂಫಿಂಗ್ ಮಾಡಿಸುವಷ್ಟರಲ್ಲಿ 74,000 ರೂಪಾಯಿ ಆಯಿತು. ಅರ್ಧ ದುಡ್ಡು ಒಡವೆ ಇಟ್ಟು ತಂದಿದ್ದು.

ಆಗ ಆರು ಸಾವಿರ ನಿಜವಾಗಲೂ ಇರಲಿಲ್ಲ. ಆದರೆ ಪೂರ್ತಿ ಕೆಲಸಕ್ಕೆ ದುಡ್ಡಿಲ್ಲ ಅಂತ ಏನೂ ಮಾಡದೆ ಸುಮ್ನೆ ಕೂತೆ, ತಪ್ಪಾಗಿದ್ದು ಅಲ್ಲಿ. ಪೈಪಿನ ಬಾಯಲ್ಲಿ ಬೇವಿನ ಎಲೆ ಕಟ್ಟಿಕೊಂಡು ನೀರು ದಿನಗಟ್ಟಲೆ ನಿಲ್ಲುತ್ತಿತ್ತು. ಎಲೆ ಬಾಚೋಕೆ ದುಡ್ಡು ಬೇಡ ಅಲ್ವಾ? ಬಿರುಕಿಗೆ ತುಂಬುವ ಪೇಸ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಷ್ಟು ಮಾಡಿದ್ದರೂ ಎರಡು ಮೂರು ವರ್ಷ ತಡೆಯುತ್ತಿತ್ತು.

ಈಗ ಪೋಸ್ಟ್ ಆಫೀಸಿನ ಆರ್‌ಡಿಗೆ ತಿಂಗಳಿಗೆ 500 ಹಾಕುತ್ತೇನೆ, ಅದು ಮನೆ ರಿಪೇರಿಗೆ ಮಾತ್ರ. ರೋಹಿಣಿ ಮಳೆಗೆ ಮುಂಚೆ ತಾರಸಿ ಗುಡಿಸಿ, ನಲ್ಲಿ ನೀರು ಬರುವ ದಿನ ನೋಡಿಕೊಂಡು, ಪೈಪಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ಇಡೀ ದಿನ ನಿಲ್ಲಿಸುತ್ತೇನೆ, ಎಲ್ಲಾದರೂ ಸೋರುತ್ತದಾ ಅಂತ ನೋಡೋಕೆ. ಕಳೆದ ಸಲ ಅಡುಗೆಮನೆ ಮೂಲೆಯಲ್ಲಿ ಅಂಗೈಯಗಲ ತೇವ ಕಂಡಿತು. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಅದೇ ವಾರ ಕೆಲಸದವರನ್ನು ಕರೆಸಿದೆ. 2,300 ರೂಪಾಯಿಗೆ ಮುಗಿಯಿತು.